ಬಾಟಲಿಯ ಮೇಲಿನ ಹೆಂಗಸು

ನನ್ನ ಲಿಂಬೆ ಉಪ್ಪಿನಕಾಯಿಯ ಬಾಟಲಿಯ ಮೇಲೆ ಮೊದಮೊದಲು ಬೇರೊಬ್ಬ ಹೆಂಗಸಿನ ಫೋಟೋ ಇತ್ತು. ಅವಳು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹಣೆಗೆ ದುಂಡನೆಯ ಕುಂಕುಮ, ತಲೆಯ ಮೇಲೆ ಸೆರಗು, ಕೈಯಲ್ಲೊಂದು ಸೌಟು, ಮುಖದ ತುಂಬ ನಗು. ಇಂಡಿ ಊರಿನಲ್ಲಿ ನಾನು ಲೇಬಲ್ ಮಾಡಿಸಲು ಹೋದ ಪ್ರಿಂಟಿಂಗ್ ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಇದ್ದಳು.

"ನಿಮ್ಮ ಫೋಟೋ ಕೊಡ್ರಿ ಅಕ್ಕಾರ. ಮನಿ ಹೆಣ್ಮಗಳು ಮಾಡಿದ್ದು ಅಂತ ಗೊತ್ತಾದ್ರ ಮಂದಿ ನಂಬಿ ತಗೊಳ್ತಾರ" ಎಂದು ಪ್ರೆಸ್ಸಿನವರು ಕೇಳಿದ್ದರು.

"ನಂದು ಬ್ಯಾಡ್ರಿ, ಯಾರದಾದ್ರೂ ಹಾಕ್ರಿ" ಅಂದೆ.

ಅವರು ಹಾಕಿದರು. ಲೇಬಲ್ ನೋಡಿ ನನಗೆ ಸಮಾಧಾನವೇ ಆಯಿತು. ನಾನೇ ಗಿರಾಕಿಯಾಗಿದ್ದರೆ ಆ ಹೆಂಗಸಿನ ಕೈಯ ಉಪ್ಪಿನಕಾಯಿಯನ್ನು ಕಣ್ಣು ಮುಚ್ಚಿ ಕೊಳ್ಳುತ್ತಿದ್ದೆ. ನನ್ನ ಕೈಯದಾದರೆ ಮೊದಲು ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದೆ.

ಇದಕ್ಕೆಲ್ಲ ಕಾರಣ ನನ್ನ ಹಲ್ಲು. ನನ್ನ ಮುಂದಿನ ಹಲ್ಲುಗಳು ಎಲ್ಲಿಗೆ ಹೋದರೂ ನನಗಿಂತ ಸ್ವಲ್ಪ ಮೊದಲೇ ಮುಟ್ಟುತ್ತವೆ. ನನ್ನ ತವರು ಹಲಸಂಗಿ. ಅಲ್ಲಿಯ ಶಾಲೆಯಲ್ಲಿ ಏಳನೇ ಇಯತ್ತೆಯ ಗ್ರೂಪ್ ಫೋಟೋ ತೆಗೆಯುವಾಗ ಫೋಟೋದವನು ಕ್ಯಾಮೆರಾದಿಂದ ತಲೆ ಎತ್ತಿ, "ಏ, ನಡುವಿನ ಸಾಲಿನ ಹುಡುಗಿ, ಬಾಯಿ ಮುಚ್ಚು" ಅಂದ.

"ಮುಚ್ಚೇನ್ರಿ" ಅಂದೆ. ಸುಳ್ಳಲ್ಲ, ಮುಚ್ಚುವಷ್ಟು ಮುಚ್ಚಿತ್ತು.

ಆ ಫೋಟೋ ಈಗಲೂ ಅವ್ವನ ಟ್ರಂಕಿನಲ್ಲಿದೆ. ಅದರಲ್ಲಿ ಇಡೀ ವರ್ಗ ನಗುತ್ತಿದೆ, ನಾನೊಬ್ಬಳೇ ತುಟಿ ಬಿಗಿದು ನಿಂತಿದ್ದೇನೆ. ನೋಡಿದವರು ಎಂಥ ಖುಷಿಯ ಮಕ್ಕಳು ಅನ್ನುತ್ತಾರೆ. ಅವರು ನಗುತ್ತಿರುವುದು ಯಾರನ್ನು ನೋಡಿ ಎಂದು ನಾನು ಯಾರಿಗೂ ಹೇಳಲು ಹೋಗಿಲ್ಲ.

ಅಲ್ಲಿಂದ ಮುಂದೆ ಕ್ಯಾಮೆರಾ ಕಂಡರೆ ನನ್ನ ತುಟಿಗಳು ತಾವಾಗಿಯೇ ಬಿಗಿದುಕೊಳ್ಳತೊಡಗಿದವು. ಗಂಡಿನ ಮನೆಗೆ ಕಳಿಸಿದ ಫೋಟೋದಲ್ಲೂ ಅದೇ ಮುಖ. ಲಗ್ನವಾಗಿ ಕೆಲವು ದಿನಗಳಾದ ಮೇಲೆ ನಮ್ಮ ಮನೆಯವರು ಒಮ್ಮೆ ಹೇಳಿದರು, "ಫೋಟೋ ನೋಡಿ ನೀ ಭಾಳ ಸಿಟ್ಟಿನಾಕಿ ಅನ್ಕೊಂಡಿದ್ದೆ."

"ಮತ್ತ ಯಾಕ ಒಪ್ಪಿದ್ರಿ?"

"ನಮ್ಮವ್ವನ ಮುಂದ ನಿಲ್ಲಾಕ ಅಂಥಾಕೀನ ಬೇಕಾಗಿತ್ತು."

ಅವರು ಶಾಲಾ ಮಾಸ್ತರರು; ಇಂಥ ಮಾತುಗಳನ್ನು ಹಾಜರಿ ಕೂಗುವ ದನಿಯಲ್ಲೇ ಹೇಳುತ್ತಾರೆ. ಮನೆಯ ಮದುವೆ ಮುಂಜಿಗಳ ಆಲ್ಬಮ್ಮುಗಳಲ್ಲೆಲ್ಲ ನಾನು ಯಾರದೋ ಭುಜದ ಹಿಂದಿನ ಅರ್ಧ ತಲೆ, ಇಲ್ಲವೇ ಬಾಯಿಗೆ ಸೆರಗು ಹಿಡಿದ ಒಂದು ಕೈ. ಆಧಾರ್ ಕಾರ್ಡಿನಲ್ಲಿ ಮಾತ್ರ ನನಗೆ ಬೇಸರವಿಲ್ಲ. ಅದರಲ್ಲಿ ಎಲ್ಲರೂ ನನ್ನ ಹಾಗೆಯೇ ಕಾಣುತ್ತಾರೆ.

ಆದ್ದರಿಂದ ಉಪ್ಪಿನಕಾಯಿ ಮಾರಾಟಕ್ಕೆ ಇಳಿದಾಗ ಬೇರೆಯವಳ ಮುಖ ಇಟ್ಟುಕೊಂಡೆ. ಅದರ ಫಲ ಬಸವನ ಬಾಗೇವಾಡಿಯಲ್ಲಿ ಉಂಡೆ. ಅಲ್ಲಿ ಹೆಣ್ಣುಮಕ್ಕಳ ಸಂಘದವರು ಮನೆಯಲ್ಲಿ ಮಾಡಿದ ಪದಾರ್ಥಗಳ ಮಾರಾಟ ಇಟ್ಟಿದ್ದರು. ನನಗೂ ಒಂದು ಟೇಬಲ್ ಸಿಕ್ಕಿತ್ತು. ಮಧ್ಯಾಹ್ನ ಗಟ್ಟಿ ದನಿಯ ಒಬ್ಬ ಹಿರಿಯ ಹೆಂಗಸು ಬಂದು, ಬಾಟಲಿ ಎತ್ತಿ, ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು, "ಇವರು ಎಲ್ಲಿ ಅದಾರ? ಕರಿ."

ಆ ಕ್ಷಣದಲ್ಲಿ ನಿಜ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಊಟಕ್ಕ ಹೋಗ್ಯಾರ್ರಿ."

"ಬರ್ಲಿ ತಗೋ, ಕೂಡ್ತೇನಿ. ನಮ್ಮನಿ ಲಗ್ನಕ್ಕ ಉಪ್ಪಿನಕಾಯಿ ಹೇಳೂದೈತಿ" ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು.

ಲಗ್ನದ ಆರ್ಡರು ನನ್ನೆದುರಿಗೇ ಕಾಲು ಚಾಚಿ ಕೂತಿತ್ತು, ನಾನು ಇಲ್ಲದ ಮಾಲಕಿಯ ದಾರಿ ಕಾಯುತ್ತಿದ್ದೆ. ಬಿಸಿಲು ಏರಿತು. ಅವರಿಗೆ ನನ್ನ ಮೇಲೆ ಕನಿಕರ ಹುಟ್ಟಿತು.

"ಪಗಾರ ಬರೋಬ್ಬರಿ ಕೊಡ್ತಾಳೇನ ನಿನಗ?"

"ಕೊಡ್ತಾರ್ರಿ."

"ಇಂಥಾ ಬಿಸಲಾಗ ಒಬ್ಬಾಕಿನ್ನ ಬಿಟ್ಟು ಉಣ್ಣಾಕ ಹೋಗ್ಯಾಳಲ್ಲ, ಎಂಥಾಕಿ ಇರ್ಬೇಕು ಆಕಿ!"

"ಹಂಗ ಅನಬ್ಯಾಡ್ರಿ, ಭಾಳ ಚಲೋ ಮಂದಿ ಅದಾರ" ಎಂದು ನಾನು ಆ ಮಾಲಕಿಯ ಪರವಾಗಿ ವಾದಿಸಿದೆ. ಖರೆ ಹೇಳಬೇಕೆಂದರೆ ಅವಳ ಬಗ್ಗೆ ನನಗೂ ಆಗ ಸಿಟ್ಟು ಬಂದಿತ್ತು. ಕೊನೆಗೆ, "ಅವರು ಹಂಗ ಊರಿಗೆ ಹೋದ್ರಂತ ಫೋನ್ ಬಂತ್ರಿ. ನನ್ನ ಕಡೆ ಹೇಳ್ರಿ, ಹೇಳ್ತೇನಿ" ಅಂದೆ. ಅವರು ಎದ್ದು ಸೀರೆ ಜಾಡಿಸಿಕೊಂಡರು. "ನಿನ್ನ ಕಡೆ ಹೇಳಿ ಏನ್ ಮಾಡ್ಲೆವ್ವಾ? ದೊಡ್ಡ ಕೆಲಸ, ಮಾಲಕರ ಕೂಡನ ಮಾತಾಡಬೇಕು." ಹೋಗುವಾಗ ನನ್ನ ಕೈಗೆ ಪಕ್ಕದ ಟೇಬಲ್ಲಿನ ಒಂದು ಶೇಂಗಾದ ಉಂಡೆ ಕೊಟ್ಟು ಹೋದರು. ತಿಂದೆ. ಹಸಿವೆಯಾಗಿತ್ತು.

ಇಷ್ಟಾದರೂ ನಾನು ಲೇಬಲ್ ಬದಲಿಸಲಿಲ್ಲ. ಬದಲಿಸಬೇಕಾಗಿ ಬಂದದ್ದು ಸಿಂದಗಿಯಲ್ಲಿ. ಸಂಬಂಧಿಕರ ಮನೆಯ ತೊಟ್ಟಿಲು ಕಾರ್ಯಕ್ರಮ ಮುಗಿಸಿ ಬಸ್ ಸ್ಟ್ಯಾಂಡಿಗೆ ಬರುವಾಗ ಒಂದು ಅಂಗಡಿಯ ಮುಂದೆ ಸಾಲಾಗಿ ಇಟ್ಟಿದ್ದ ಬಾಟಲಿಗಳ ಮೇಲಿಂದ ಅವಳು ನನ್ನನ್ನು ನೋಡಿ ನಕ್ಕಳು. ಅದೇ ಕುಂಕುಮ, ಅದೇ ಸೆರಗು. ಸೌಟು ಮಾತ್ರ ಇರಲಿಲ್ಲ. ಬಾಟಲಿಯಲ್ಲಿದ್ದದ್ದು ಫಿನಾಯಿಲ್.

ನಾನು ನೋಡಿದ್ದನ್ನು ಉಳಿದವರೂ ನೋಡಿದ್ದರು. ಅದೇ ವಾರ ಸೊಲ್ಲಾಪುರದ ಕಾಯಂ ಗಿರಾಕಿಯೊಬ್ಬರು ಫೋನ್ ಮಾಡಿ, ಸಂಕೋಚದಿಂದಲೇ ಕೇಳಿದರು, "ತಪ್ಪು ತಿಳಕೋಬ್ಯಾಡ್ರಿ ತಾಯಿ. ನೀವು ಫಿನಾಯಿಲ್ ಮಾಡೂದು, ಉಪ್ಪಿನಕಾಯಿ ಮಾಡೂದು ಬ್ಯಾರೆ ಬ್ಯಾರೆ ಖೋಲಿಯೊಳಗ ಹೌದಲ್ರಿ?"

ನಮ್ಮ ಮನೆಯವರಿಗೆ ಇದನ್ನು ಹೇಳಿದೆ. ಅವರು ನಕ್ಕು ನಕ್ಕು ಲಿಂಬೆಯ ಬುಟ್ಟಿಯ ಮೇಲೆ ಕೂತುಬಿಟ್ಟರು. ಬುಟ್ಟಿ ತುಂಬಿತ್ತು.

ಸಿಂದಗಿಯ ಅದೇ ರಸ್ತೆಯಲ್ಲಿ ಒಂದು ಫೋಟೋ ಸ್ಟುಡಿಯೋದ ಬೋರ್ಡು ನೋಡಿದ್ದೆ: ವ್ಯಾಪಾರ ಮಾಡುವ ಹೆಣ್ಣುಮಕ್ಕಳ ಫೋಟೋ ತೆಗೆಯಲಾಗುವುದು, ನಾಚಿಕೆ ಇದ್ದವರೂ ಬರಬಹುದು. ಕೊನೆಯ ಸಾಲು ನನಗೇ ಬರೆದಂತಿತ್ತು. ಬೋರ್ಡಿನಿಂದ ಬರೆದುಕೊಂಡಿದ್ದ ನಂಬರಿಗೆ ಫೋನ್ ಹಚ್ಚಿ, ಅತ್ತ ರಿಂಗ್ ಆದ ಕೂಡಲೇ ಕಟ್ ಮಾಡಿದೆ. ಅತ್ತಲಿಂದಲೇ ಫೋನ್ ಬಂತು, ಹರೆಯದ ಹುಡುಗಿಯ ದನಿ.

"ಅಕ್ಕಾರ, ಮಿಸ್ ಕಾಲ್ ಬಂದಿತ್ತು."

"ತಪ್ಪಿ ಹತ್ತಿತ್ತವ್ವಾ."

"ಎಲ್ಲಾರೂ ಹಂಗ ಅಂತಾರ್ರಿ. ಯಾವತ್ತ ಬರ್ತೀರಿ?"

ಅವಳು ಅಪ್ಪನ ಸ್ಟುಡಿಯೋದಲ್ಲಿ ಮದುವೆಯ ಫೋಟೋ ತೆಗೆಯುತ್ತ ಬೆಳೆದವಳು. ಈಗ ಈ ಹೊಸ ಕೆಲಸ ಶುರುಮಾಡಿದ್ದಳು. ಗೊತ್ತುಮಾಡಿದ ದಿನ ನಾನು ಹೊರಟಾಗ ನಮ್ಮ ಅತ್ತೆ ಆಗಲೇ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಕ್ಯಾಮೆರಾ ಎಂದರೆ ಅವರಿಗೆ ಜೀವ. ಯಾರದೇ ಮನೆಯ ಮದುವೆಯ ವಿಡಿಯೋ ಹಾಕಿದರೂ ಅದರಲ್ಲಿ ಮದುಮಗಳಿಗಿಂತ ಹೆಚ್ಚು ಹೊತ್ತು ಅವರು ಇರುತ್ತಾರೆ.

ಸ್ಟುಡಿಯೋದಲ್ಲಿ ಹುಡುಗಿ ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ ತಿಳಿಸಿ ಹೇಳಿದಳು, "ನೋಡ್ರಿ ಅಕ್ಕಾರ, ಈಗ ನಿಮ್ಮ ಬ್ರ್ಯಾಂಡ್ ಅಂದ್ರ ನೀವ."

"ಯಾವ ಬ್ಯಾಂಡು? ಯಾರ ಲಗ್ನ ಐತಿ?" ಎಂದು ಅತ್ತೆ ಕೇಳಿದರು.

ಸೀರೆಯ ಮೇಲೆ ನನಗೊಂದು ಕಪ್ಪು ಕೋಟು ಹಾಕಿಸಿದಳು. ವ್ಯಾಪಾರದ ಹೆಣ್ಣುಮಕ್ಕಳು ಈಗ ಹೀಗೇ ತೆಗೆಸಿಕೊಳ್ಳುತ್ತಾರಂತೆ, ಕೋಟು ಹಾಕಿ, ಎದೆಯ ಮೇಲೆ ಕೈ ಕಟ್ಟಿ. ಕೈ ಕಟ್ಟಿದೆ. ತುಟಿ ಬಿಗಿದೆ. ಅವಳು ತೆಗೆದು ತೋರಿಸಿದಳು. ಸಾಲ ಕೇಳಲು ಬಂದವರನ್ನು ಹೊರಗೆ ಹಾಕಲು ನಿಂತ ಬ್ಯಾಂಕ್ ಮ್ಯಾನೇಜರ್ ಥರ ಇದ್ದೆ.

"ಸ್ವಲ್ಪ ನಗ್ರಿ."

ನಕ್ಕೆ. ಈಗ ಮ್ಯಾನೇಜರಿಗೆ ಹಲ್ಲುನೋವೂ ಇತ್ತು.

"ಇಂಡೀ ಅನ್ರಿ ಅಕ್ಕಾರ, ಉದ್ದಕ. ತುಟಿ ಛಂದ ಆಗ್ತಾವ. ಸಿಂದಗೀ ಅಂದ್ರೂ ನಡೀತೈತಿ. ಮುದ್ದೇಬಿಹಾಳ ಅನಬ್ಯಾಡ್ರಿ, ಬಾಯಿ ತೆರೀತೈತಿ."

ನಾನು "ಇಂಡೀ, ಇಂಡೀ, ಇಂಡೀ" ಅಂದೆ. ಬಸ್ಸು ಬಿಡುವ ಹೊತ್ತಿನಲ್ಲಿ ಕಂಡಕ್ಟರು ಕೂಗಿದ ಹಾಗೆ ಕೇಳಿಸಿತು. ಹೊರಗೆ ನಿಂತವರೊಬ್ಬರು ಬಾಗಿಲಲ್ಲಿ ಇಣುಕಿ ನೋಡಿ ಹೋದರು.

ನಾನು ಬೆವರು ಒರೆಸಿಕೊಳ್ಳಲು ಕೋಟು ತೆಗೆದಿಟ್ಟಾಗ ಅತ್ತೆ ಅದನ್ನು ಹಾಕಿಕೊಂಡು ಸ್ಟೂಲಿನ ಮೇಲೆ ಕೂತರು. ಯಾರೂ ಹೇಳದೆಯೇ ಗಲ್ಲಕ್ಕೆ ಕೈ ಹಚ್ಚಿದರು, ಓರೆಯಾಗಿ ನೋಡಿದರು, ಕಣ್ಣಿನ ಚಾಳೀಸು ತೆಗೆದು ಕೈಯಲ್ಲಿ ಹಿಡಿದು ದೂರದ ಗೋಡೆಯನ್ನು ದಿಟ್ಟಿಸಿದರು. ಹುಡುಗಿ ತೆಗೆದೇ ತೆಗೆದಳು. ಒಂದೊಂದೂ ಪತ್ರಿಕೆಯ ಮುಖಪುಟಕ್ಕೆ ಹಾಕುವಂತಿತ್ತು.

ನನಗೆ ಬದುಕಿದಂತಾಯಿತು. "ಅತ್ತೀ, ನಿಮ್ಮ ಫೋಟೋನ ಹಾಕೋಣು. ಉಪ್ಪಿನಕಾಯಿ ಕಲಿಸಿದವರು ನೀವ ಅಲ್ಲೇನ್ರಿ?" ಅಂದೆ.

ಅತ್ತೆ ಚಾಳೀಸು ಹಾಕಿಕೊಂಡು ನನ್ನನ್ನು ನೋಡಿದರು. "ಯಾಕ? ಉಪ್ಪು ಹೆಚ್ಚು ಹಾಕಾಕಿ ನೀನು, ಮಂದಿ ಕಡಿಂದ ಬೈಸ್ಕೊಳ್ಳಾಕಿ ನಾನೇನ? ನಿನ್ನ ಮಾರೀನ ಹಾಕು."

ಆ ದಿನ ಕೆಲಸ ಕೆಟ್ಟಿತು. ಹೊರಡುವಾಗ ಹುಡುಗಿ, "ಇಲ್ಲಿ ನೀವು ಪರೀಕ್ಷೆ ಬರಿಯಾಕ ಕುಂತಂಗ ಕುಂದರ್ತೀರಿ. ನಾ ನಿಮ್ಮನಿಗೆ ಬರ್ತೇನಿ. ನಿಮ್ಮ ಕೆಲಸ ನೀವು ಮಾಡ್ರಿ" ಅಂದಳು.

ಅವಳು ಬರುವ ಮುಂಜಾನೆ ನಾನು ಇಳಕಲ್ ಸೀರೆ ಉಟ್ಟು, ಮುಖಕ್ಕೆ ಪೌಡರ್ ಬಳಿದು, ಉಪ್ಪಿನ ಭರಣಿಗಳನ್ನೆಲ್ಲ ಒಳಗೆ ಸಾಗಿಸಿ, ಪಡಸಾಲೆಯಲ್ಲಿ ಚಾಪೆ ಹಾಸಿ, ಹಿತ್ತಾಳೆಯ ತಟ್ಟೆಯಲ್ಲಿ ಲಿಂಬೆಹಣ್ಣು ಜೋಡಿಸಿ ಕೂತಿದ್ದೆ. ಅವಳು ಬಾಗಿಲಲ್ಲೇ ನಿಂತು ನೋಡಿ, "ಅಕ್ಕಾರ, ಪೂಜಾ ಐತೇನ್ರಿ?" ಅಂದಳು.

ದಿನಾ ಎಲ್ಲಿ ಕೂಡುತ್ತೀರಿ ಎಂದು ಕೇಳಿದಳು. ಹಿತ್ತಲ ಬೇವಿನ ಗಿಡದ ಕೆಳಗೆ ಅಂದೆ. ದಿನಾ ಏನು ಉಡುತ್ತೀರಿ? ಅದನ್ನು ಹೇಳಲು ನಾಚಿಕೆಯಾಯಿತು. ಉಪ್ಪು ತಿಂದು ಬಣ್ಣ ಹೋದ ಒಂದು ಹಳೆಯ ಹಸಿರು ಸೀರೆ. ಅದನ್ನೇ ಉಡಿಸಿ, ಪೌಡರ್ ತೊಳೆಸಿ, ಗಿಡದ ಕೆಳಗೆ ಕೂಡಿಸಿದಳು. ನಾನು ಲಿಂಬೆ ಹೆಚ್ಚತೊಡಗಿದೆ. ಅವಳು ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಎದುರಿಗೆ ಕೂತಳು.

"ಮಾತಾಡೂ ಮುಂದ ಬಾಯಿಗೆ ಯಾಕ ಕೈ ಅಡ್ಡ ಹಿಡೀತೀರಿ?"

ಹಾಗೆ ಮಾಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಏಳನೇ ಇಯತ್ತೆಯ ಫೋಟೋದ ಕಥೆ ಹೇಳಿದೆ. ನಮ್ಮ ಮನೆಯವರಿಗೂ ಹೇಳಿರಲಿಲ್ಲ. ಅವಳು ನಿಮ್ಮ ಹಲ್ಲು ಚೆನ್ನಾಗಿಯೇ ಇವೆ ಎಂದು ಸುಳ್ಳು ಹೇಳಲಿಲ್ಲ. "ಫೋಟೋದಾಂವ ಬೆಳಕು ನೋಡಬೇಕ್ರಿ. ಸಾಲಿ ಹುಡುಗೀ ಹಲ್ಲು ನೋಡಿ ಅವಂಗೇನಾಗಬೇಕಾಗಿತ್ತು?" ಎಂದು ಬೈದಳು. ಇಷ್ಟು ವರ್ಷಗಳಲ್ಲಿ ಆ ಫೋಟೋದವನನ್ನು ಬೈಯಬಹುದೆಂದು ನನಗೆ ಹೊಳೆದಿರಲಿಲ್ಲ. ನಾನು ನನ್ನನ್ನೇ ಬೈದುಕೊಂಡು ಬಂದಿದ್ದೆ.

ಅಷ್ಟರಲ್ಲಿ ನಮ್ಮ ಮನೆಯವರು ಮಾರ್ಕೆಟ್ಟಿನಿಂದ ಒಂದು ಚೀಲ ಲಿಂಬೆ ತಂದು ನನ್ನ ಮುಂದೆ ಸುರಿದರು. ನೋಡಿದರೆ ಅರ್ಧಕ್ಕರ್ಧ ಗಟ್ಟಿ ಕಾಯಿ, ಸಿಪ್ಪೆಯ ಮೇಲೆ ಚುಕ್ಕೆ. ನನಗೆ ಕ್ಯಾಮೆರಾ, ಹುಡುಗಿ ಎಲ್ಲ ಮರೆತುಹೋಯಿತು.

"ಏನ್ರಿ ಇವು? ಲಿಂಬೇನೋ, ಗೋಲಿನೋ? ನೋಡಿ ತರಾಕ ಬರೂದಿಲ್ಲೇನ್ರಿ?"

"ಅಂವ ಆಣಿ ಮಾಡಿ ಕೊಟ್ಟಾನ, ರಸ ಭಾಳ ಐತಿ ಅಂತ."

"ಅಂವ ಆಣಿ ಮಾಡಿದ್ರ ಕಾಯಾಗ ರಸ ಬರ್ತೈತೇನ್ರಿ? ಸಾಲ್ಯಾಗ ಹುಡುಗೂರು ಆಣಿ ಮಾಡಿದ್ರ ಪಾಸ್ ಮಾಡ್ತೀರೇನು?"

ಅತ್ತೆಗೆ ಮಗನನ್ನು ಬೈದದ್ದು ಸೇರಲಿಲ್ಲ. "ಏನಾಗೇತಿ ಇವಕ್ಕ? ಛಲೋ ಅದಾವಲ್ಲ. ಇದನ್ನೋಡು" ಎಂದು ಒಂದನ್ನೆತ್ತಿ, ನಾನು ತಡೆಯುವುದರೊಳಗೆ ಕಚ್ಚಿಬಿಟ್ಟರು. ಅವರ ಮುಖ ಅಲ್ಲಿಯೇ ಒಂದು ಹಿಡಿಯಷ್ಟಾಯಿತು. ಕಣ್ಣು, ಮೂಗು, ಬಾಯಿ ಎಲ್ಲ ನಡುವಿಗೆ ಸೇರಿಕೊಂಡವು. ಹಾಗಿದ್ದೂ ಸೋಲೊಪ್ಪದೆ, "ಸ...ಸೀ ಐತಿ" ಅಂದರು.

ನಾನು ನಕ್ಕೆ. ಚಾಕು ಕೆಳಗಿಟ್ಟು, ಬೇವಿನ ಗಿಡಕ್ಕೆ ತಲೆ ಆನಿಸಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಮಾಸ್ತರರು ನಕ್ಕರು. ಅತ್ತೆ ಉಗುಳಿ ಬಂದು ಅವರೂ ನಕ್ಕರು. ಹುಡುಗಿ ಎಷ್ಟೋ ಹೊತ್ತಿನಿಂದ ಟಕ್ ಟಕ್ ಎಂದು ತೆಗೆಯುತ್ತಿದ್ದಾಳೆಂದು ಆಮೇಲೆ ಗೊತ್ತಾಯಿತು.

"ಅದನ್ನ ಅಳಿಸಿಬಿಡವ್ವಾ" ಅಂದೆ.

"ಮೊದಲ ನೋಡ್ರಿ. ಆಮ್ಯಾಲ ನೀವ ಅಳಿಸ್ರಿ" ಎಂದು ಕ್ಯಾಮೆರಾ ನನ್ನ ಕೈಗೆ ಕೊಟ್ಟಳು.

ನೋಡಿದೆ. ಮೊಣಕೈವರೆಗೂ ಉಪ್ಪು, ಬಣ್ಣಗೆಟ್ಟ ಸೀರೆ, ಒಂದು ಕೈಯಲ್ಲಿ ಅರ್ಧ ಲಿಂಬೆ, ಹಲ್ಲುಗಳು ಒಂದೂ ಬಿಡದೆ ಹೊರಗೆ. ಅಳಿಸಬೇಕೆಂದೇ ನೋಡುತ್ತಿದ್ದೆ. ನೋಡುತ್ತ ನೋಡುತ್ತ, ಇವಳನ್ನು ಎಲ್ಲಿಯೋ ಕಂಡಿದ್ದೇನಲ್ಲ ಅನ್ನಿಸಿತು. ನಮ್ಮ ಅವ್ವ ನಗುವುದು ಹೀಗೆಯೇ. ಅವೇ ಹಲ್ಲು. ಅವ್ವ ನಕ್ಕರೆ ಮನೆಯಲ್ಲಿ ಎಲ್ಲರೂ ಏನೆಂದು ಕೇಳಲು ಕೆಲಸ ಬಿಟ್ಟು ಬರುತ್ತಿದ್ದರು. ಅವ್ವನ ಹಲ್ಲು ಉಬ್ಬಿವೆ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಅಳಿಸಲಿಲ್ಲ. ಹುಡುಗಿಯ ಮುಂದೆ ಅಳಬಾರದೆಂದು, ಲಿಂಬೆ ರಸ ಕಣ್ಣಿಗೆ ಸಿಡಿಯಿತು ಅಂದೆ. ಅವಳು ನಂಬಿದಂತೆ ಮಾಡಿದಳು.

ಆದರೆ ನನ್ನ ಧೈರ್ಯದ ಬಗ್ಗೆ ಯಾರೂ ಹೆಚ್ಚಿಗೆ ತಿಳಿಯಬಾರದು. ಪ್ರೆಸ್ಸಿನವರು ಆ ಫೋಟೋ ನೋಡಿ, "ಅಕ್ಕಾರ, ಹಲ್ಲು ಕಂಪ್ಯೂಟರ್‌ದಾಗ ಒಳಗ ಹಾಕಲ್ಯಾ? ಒಂದ ನಿಮಿಷದ ಕೆಲಸ" ಎಂದು ಕೇಳಿದಾಗ ನಾನು ಅವರ ಮಾತು ಮುಗಿಯುವುದರೊಳಗೇ "ಹೂಂ" ಅಂದೆ. ಅವರು ಹಲ್ಲುಗಳನ್ನು ಒತ್ತಿದರು, ಗಲ್ಲ ಸಣ್ಣದು ಮಾಡಿದರು, ಮುಖಕ್ಕೆ ಬೆಳಕು ಏರಿಸಿದರು. ಪರದೆಯ ಮೇಲೆ ಒಬ್ಬ ಛಂದದ ಹೆಂಗಸು ಬಂದಳು. ಅವಳಿಗೂ ಉಪ್ಪಿನಕಾಯಿಗೂ ಏನೂ ಸಂಬಂಧವಿರಲಿಲ್ಲ. ಅವಳು ಏನನ್ನು ಬೇಕಾದರೂ ಮಾರುವಂತಿದ್ದಳು.

"ಹೊಳ್ಳಿ ಮೊದಲಿನಂಗ ಮಾಡ್ರಿ" ಅಂದೆ.

"ಹಲ್ಲು ಹೊರಗ?"

"ಹೂಂನ್ರಿ, ಹೊರಗ."

ಹೊಸ ಲೇಬಲ್ ಬಂದ ಮೇಲೆ ಮಾರಾಟ ಏನೂ ಗಗನಕ್ಕೇರಲಿಲ್ಲ. ಹೆಚ್ಚಿದ್ದು ತಕರಾರು. ಮುಖ ಗೊತ್ತಾದ ಮೇಲೆ ಮಂದಿಗೆ ನಾನು ಎಲ್ಲೆಂದರಲ್ಲಿ ಸಿಗತೊಡಗಿದೆ. ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ತಿರುಗಿ ನನ್ನನ್ನು ನೋಡಿ, "ಉಪ್ಪಿನಕಾಯಿಯವರು ನೀವ ಅಲ್ರಿ? ಹೋದ ಸಲ ಕಹಿ ಆಗಿತ್ತು ನೋಡ್ರಿ" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು. ಇಳಿದು ಹೋಗಲು ದಾರಿ ಇರಲಿಲ್ಲ, ಸುತ್ತಲೂ ಹೊಲ. ಹೊಸ ಉಪ್ಪಿನಕಾಯಿ ಮೊದಲು ಕಹಿಯಾಗಿಯೇ ಇರುತ್ತದೆ, ಸಿಪ್ಪೆ ಮೆತ್ತಗಾಗುವವರೆಗೆ ತಡೆಯಬೇಕು ಎಂದು ವಿವರಿಸಿದೆ. ಹಿಂದಿನ ಸೀಟಿನವರು ಬೆಲ್ಲ ಹಾಕಬೇಕು ಅಂದರು. ಬೆಲ್ಲ ಯಾಕೆ ಎಂದು ಇನ್ನೊಬ್ಬರು ಜಗಳಕ್ಕೆ ಬಂದರು. ಊರು ಬರುವ ಹೊತ್ತಿಗೆ ನಾನು ಸೀಟಿನಿಂದ ಎದ್ದು ನಿಂತು, ಕಂಬಿ ಹಿಡಿದು, ಕೈ ಬೀಸಿ ಮಾತಾಡುತ್ತಿದ್ದೆ. ಇಳಿಯುವಾಗ ಇಬ್ಬರು ನನ್ನ ಫೋನ್ ನಂಬರ್ ತೆಗೆದುಕೊಂಡರು. ಕಹಿ ಅಂದವರೂ ಅವರಲ್ಲಿ ಒಬ್ಬರು.

ಕೆಲವು ತಿಂಗಳಾದ ಮೇಲೆ ಫೋಟೋದ ಹುಡುಗಿಯ ಫೋನ್ ಬಂತು. "ಅಕ್ಕಾರ, ಮಸೂತಿ ಊರಾಗ ಗಿರಣಿ ನಡಸೂ ಒಬ್ಬರು ದೊಡ್ಡವ್ವ ಅದಾರ್ರಿ. ಫೋಟೋ ಅಂದ್ರ ಕಲ್ಲಾಗಿ ನಿಂದರ್ತಾರ. ನೀವು ಬಂದು ನಾಲ್ಕು ಮಾತು ಹೇಳ್ರಿ."

ನನ್ನನ್ನು ಬುದ್ಧಿ ಹೇಳಲು ಕರೆದದ್ದು ಅದೇ ಮೊದಲು. ಉಬ್ಬಿಹೋದೆ. ಬಸ್ಸಿನಲ್ಲಿ ಮಸೂತಿ ಮುಟ್ಟುವವರೆಗೂ ಮನಸ್ಸಿನಲ್ಲೇ ಭಾಷಣ ತಯಾರಿಸಿದೆ.

ಗಿರಣಿಯವರು ನನಗಿಂತ ಹಿರಿಯರು, ಎತ್ತರದ ಆಳು, ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು. ಗೋಡೆಗೆ ಬೆನ್ನು ಹಚ್ಚಿ ನಿಂತು, "ಮಷೀನಿಂದು ತಗೋರಿ, ನಂದ್ಯಾಕ?" ಎಂದು ಹಟ ಹಿಡಿದಿದ್ದರು. ನಾನು ಮುಂದೆ ಬಂದು ಶುರುಮಾಡಿದೆ. ನಮ್ಮ ವ್ಯಾಪಾರಕ್ಕೆ ನಮ್ಮ ಮುಖವೇ ಗುರುತು, ನಾಚಿಕೆ ಬಿಡಬೇಕು, ಕ್ಯಾಮೆರಾ ನಮ್ಮನ್ನೇನು ತಿನ್ನುತ್ತದೆಯೇ, ನನ್ನನ್ನೇ ನೋಡಿರಿ, ಇಷ್ಟು ಹಲ್ಲಿದ್ದರೂ ಹೇಗೆ ನಿಂತೆ. ಚೆನ್ನಾಗಿಯೇ ಮಾತಾಡಿದೆ ಅನ್ನಿಸಿತು. ಅವರು ಎಲ್ಲ ಕೇಳಿಸಿಕೊಂಡರು.

"ಮಾತು ಭಾಳ ಛಲೋ ಹೇಳ್ತೀರಿ. ಹಂಗಾದ್ರ ಬರ್ರಿ, ನನ್ನ ಬಾಜೂಕ ನಿಂದರ್ರಿ. ಇಬ್ಬರದೂ ತಗೀಲಿ."

ಹುಡುಗಿ ಕ್ಯಾಮೆರಾ ಎತ್ತಿದಳು. ನನ್ನ ಭಾಷಣ ಎಲ್ಲಿ ಹೋಯಿತೋ ಗೊತ್ತಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಗಿರಣಿಯ ಡಬ್ಬಿಗೆ ಆತುಕೊಳ್ಳಲು ಹೋದೆ. ಅದರ ಮೇಲಿದ್ದ ಹಿಟ್ಟಿನ ಬುಟ್ಟಿ ವಾಲಿ, ಹಿಟ್ಟು ಮೂಗಿಗೆ ನುಗ್ಗಿ, ಒಂದರ ಹಿಂದೊಂದು ಸೀನು ಶುರುವಾಯಿತು. ನಿಲ್ಲಲೇ ಇಲ್ಲ. "ಅಯ್ಯ ಯವ್ವಾ, ಧೈರ್ಯ ಹೇಳಾಕ ಬಂದಾಕಿನ್ನ ನಾ ಹಿಡ್ಕೋಬೇಕಾತಲ್ಲ!" ಎಂದು ಅವರು ನನ್ನ ರಟ್ಟೆ ಹಿಡಿದು, ಗಿರಣಿಯ ಸದ್ದನ್ನೂ ಮೀರಿಸಿ ನಕ್ಕರು.

ಆ ಫೋಟೋ ಈಗ ಅವರ ಗಿರಣಿಯ ಬೋರ್ಡಿನ ಮೇಲಿದೆ. ನಾನು ಖುದ್ದು ಹೋಗಿ ನೋಡಿ ಬಂದೆ. ಹಿಟ್ಟಿನ ಹುಬ್ಬಿನ ಆ ಎತ್ತರದ ಹೆಂಗಸು ನಗುತ್ತ ನಿಂತಿದ್ದಾಳೆ, ನೋಡಿದರೆ ಜೋಳದ ಚೀಲ ಹೊತ್ತುಕೊಂಡು ಒಳಗೆ ಹೋಗಬೇಕು ಅನ್ನಿಸುತ್ತದೆ. ಸೀನುತ್ತಿದ್ದ ನನ್ನನ್ನು ಕತ್ತರಿಸಿ ಹಾಕಿದ್ದಾರೆ. ಅವರು ಹಿಡಿದುಕೊಂಡಿದ್ದ ರಟ್ಟೆಯನ್ನು ಮಾತ್ರ ತೆಗೆಯಲು ಬಂದಿಲ್ಲ. ಬೋರ್ಡಿನ ಅಂಚಿನಲ್ಲಿ ನನ್ನ ಒಂದು ಮೊಣಕೈ, ಎರಡು ಹಸಿರು ಬಳೆ. ಅದನ್ನೇ ನನ್ನ ಫೋನಿನಲ್ಲಿ ತೆಗೆದುಕೊಂಡು ಬಂದು ಅತ್ತೆಗೆ ತೋರಿಸಿದೆ.

ಅವರು ಚಾಳೀಸು ಏರಿಸಿ ಬಹಳ ಹೊತ್ತು ನೋಡಿ, "ಮೊಣಕೈ ಛಂದ ಬಂದೈತಿ" ಅಂದರು.